ಫಿಶ್ ಟ್ಯಾಂಕಿನ ಮರಳು ಕ್ಲೀನ್ ಮಾಡುವ ನನ್ನ ಭಾನುವಾರದ ಕೆಲಸ

ನಾನು ಹಾಸನದಲ್ಲಿ 22 ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ಮರಳು ನನಗೆ ಹೊಸದಲ್ಲ. ಒಂದು ಹಿಡಿ ತೆಗೆದು ಹಿಂಡಿ ಬಿಟ್ಟರೆ ಅಂಗೈಗೆ ಎಷ್ಟು ಮಣ್ಣು ಅಂಟಿತು ಅಂತ ನೋಡಿ, ಆ ಲೋಡು ಪ್ಲಾಸ್ಟರಿಂಗ್‌ಗೆ ಆಗುತ್ತಾ ಇಲ್ಲವಾ ಹೇಳಿಬಿಡುತ್ತೇನೆ. ಮಗಳಿಗೆ ಅಂತ ಮನೆಗೆ ಫಿಶ್ ಟ್ಯಾಂಕ್ ತಂದಾಗ, ಮೀನಿನ ವಿಷಯ ಕಲಿಯಬೇಕು, ಮರಳಿನ ವಿಷಯ ನನಗೆ ಗೊತ್ತಿದೆ ಅಂದುಕೊಂಡೆ. ತಪ್ಪಿದ್ದು ಅಲ್ಲೇ.

3 ವರ್ಷದ ಹಿಂದೆ ಯುಗಾದಿಗೆ ಮುಂಚೆ ಮನೆಯೆಲ್ಲ ತೊಳೆಯುವಾಗ ಟ್ಯಾಂಕನ್ನೂ ತೊಳೆದುಬಿಡೋಣ ಅನ್ನಿಸಿತು. ಮೀನನ್ನೆಲ್ಲ ಬಕೆಟ್ಟಿಗೆ ಬಿಟ್ಟೆ. ಮರಳನ್ನು ಬಾಂಡ್ಲಿಗೆ ತೋಡಿಕೊಂಡು ನಲ್ಲಿ ಕೆಳಗೆ ಕೂತು ಏಳೆಂಟು ಸಲ ತೊಳೆದೆ. ನೀರು ತಿಳಿಯಾಗಿ ಬರುವವರೆಗೂ ಬಿಡಲಿಲ್ಲ. ಫಿಲ್ಟರಿನ ಸ್ಪಂಜನ್ನೂ ಅದೇ ನಲ್ಲಿ ನೀರಲ್ಲಿ ಹಿಂಡಿ ಹಿಂಡಿ ಹೊಸದರ ಹಾಗೆ ಮಾಡಿದೆ. ಮೂರನೇ ದಿನ, ಹಬ್ಬದ ಬೆಳಿಗ್ಗೆ, ಮೀನುಗಳೆಲ್ಲ ನೀರಿನ ಮೇಲ್ಗಡೆ ಬಂದು ಬಾಯಿ ತೆಗೆದು ತೆಗೆದು ಉಸಿರಾಡುತ್ತಿದ್ದವು. 10 ಮೀನಲ್ಲಿ ಕೊನೆಗೆ ಉಳಿದದ್ದು 3. ಮಗಳು ಅವತ್ತು ಒಬ್ಬಟ್ಟು ಮುಟ್ಟಲಿಲ್ಲ.

ಮೀನಿನ ಅಂಗಡಿಗೆ ಹೋಗಿ ಹೇಳಿದೆ. ಅಲ್ಲಿದ್ದ ಹುಡುಗ, "ಅಣ್ಣ, ಮರಳು ಸ್ಪಂಜು ಎರಡೂ ಒಂದೇ ದಿನ ತೊಳೆದ್ರಾ?" ಅಂತ ಕೇಳಿ ಸುಮ್ಮನಾದ. ಆಮೇಲೆ ಅವನೇ ನಿಧಾನಕ್ಕೆ ಬಿಡಿಸಿ ಹೇಳಿದ.

ಮೀನಿನ ಹಿಕ್ಕೆ, ಉಳಿದ ಫುಡ್ಡು, ಕೊಳೆತ ಎಲೆ, ಎಲ್ಲದರಿಂದಲೂ ನೀರಲ್ಲಿ ಅಮೋನಿಯ ಹುಟ್ಟುತ್ತದೆ. ಮೀನಿಗೆ ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನ ಒಂದೊಂದು ಕಾಳಿನ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯ ಅಂಟಿಕೊಂಡಿರುತ್ತವೆ. ಅವು ಅಮೋನಿಯವನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಬೇರೆ ಬ್ಯಾಕ್ಟೀರಿಯ ಅದನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ಮೀನು ಸ್ವಲ್ಪ ತಡೆದುಕೊಳ್ಳುತ್ತದೆ, ಗಿಡ ತಿನ್ನುತ್ತದೆ, ಉಳಿದದ್ದು ನಾವು ನೀರು ಬದಲಾಯಿಸಿದಾಗ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯ ಕೂತುಕೊಳ್ಳಲು 4ರಿಂದ 6 ವಾರ ಬೇಕು. ಹೊಸ ಮೋಲ್ಡಿಗೆ, ಅಂದರೆ ಕಾಂಕ್ರೀಟ್ ತಾರಸಿಗೆ, ದಿನಾ ನೀರು ಹಾಕಿ ಕ್ಯೂರಿಂಗ್ ಮಾಡಿದ ಹಾಗೆ, ಅವಸರ ಮಾಡಿದರೆ ಆಗಲ್ಲ. ನಾನು ಅದನ್ನೆಲ್ಲ ಒಂದೇ ಬೆಳಿಗ್ಗೆ ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದು ಮೋರಿಗೆ ಬಿಟ್ಟಿದ್ದೆ.

ಅವತ್ತಿಂದ ಟ್ಯಾಂಕಿನ ಮರಳನ್ನು ನಾನು ಹೊರಗೆ ತೆಗೆದಿಲ್ಲ. ಕಸ ಮರಳಿನ ಮೇಲೆ ಇರುತ್ತದೆ, ಮೇಲಿಂದಲೇ ಎತ್ತಬೇಕು. ಇಷ್ಟು ತಿಳಿದರೆ ಮುಂದಿನದೆಲ್ಲ ಕೈ ಹಿಡಿತದ ವಿಷಯ.

ಜೆಲ್ಲಿ ಚೂರು ಹಾಕಿದ ಟ್ಯಾಂಕಿಗೂ ಮರಳಿನ ಟ್ಯಾಂಕಿಗೂ ವ್ಯತ್ಯಾಸ ಇದೆ. ಸಣ್ಣ ಕಲ್ಲಾದರೆ ಕಸ ಸಂದಿಯಲ್ಲಿ ಇಳಿದು ಕೂರುತ್ತದೆ, ಪೈಪನ್ನು ಕಲ್ಲೊಳಗೆ ಚುಚ್ಚಿ ಎಳೆಯಬೇಕು. ಮರಳಿನಲ್ಲಿ ಕಾಳು ಕಾಳಿಗೆ ಒತ್ತಿಕೊಂಡಿರುವುದರಿಂದ ಕಸ ಹೆಚ್ಚಾಗಿ ಮೇಲೇ ನಿಲ್ಲುತ್ತದೆ. ಕಣ್ಣಿಗೆ ಕಾಣುತ್ತದೆ, ಅದಕ್ಕೇ ಮರಳಿನ ಟ್ಯಾಂಕ್ ಬೇಗ ಗಲೀಜಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಗಲೀಜು ಎರಡರಲ್ಲೂ ಅಷ್ಟೇ. ಇಲ್ಲಿ ಕಾಣುತ್ತದೆ, ಅಲ್ಲಿ ಕಾಣಲ್ಲ.

ನಮ್ಮದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್. ಲೆಕ್ಕಕ್ಕೆ 56 ಲೀಟರ್ ಆಗುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರ್ ಹತ್ತಿರ. ಮರಳು ಮುಂದೆ 1 ಇಂಚು, ಹಿಂದೆ 2 ಇಂಚು, ಸ್ವಲ್ಪ ಇಳಿಜಾರು. ಒಟ್ಟು 11 ಕೆಜಿ ಹಿಡಿಯಿತು. ಇಳಿಜಾರು ಕೊಟ್ಟರೆ ಹಿಕ್ಕೆ ತಾನಾಗೇ ಮುಂದಕ್ಕೆ ಜಾರಿ ಬರುತ್ತದೆ, ಎತ್ತುವುದು ಸುಲಭ. ಬಾತ್‌ರೂಮ್ ನೆಲಕ್ಕೆ ವಾಟ ಕೊಡುವುದೂ ಇದೇ ಕಾರಣಕ್ಕೇ ಅಲ್ವಾ.

ಮರಳು ಯಾವುದು ಅಂತ ತುಂಬ ಜನ ಕೇಳುತ್ತಾರೆ. ಎಂ ಸ್ಯಾಂಡ್ ಬೇಡ. ಅದು ಕಲ್ಲನ್ನು ಮಿಷನ್ನಿನಲ್ಲಿ ಒಡೆದು ಮಾಡಿದ್ದು, ಕಾಳಿನ ಅಂಚು ಚೂಪಾಗಿರುತ್ತದೆ, ಕಲ್ಲಿನ ಪೌಡರೂ ಇರುತ್ತದೆ. ಗೋಡೆಗೆ ಆ ಚೂಪು ಒಳ್ಳೆಯದು, ಸಿಮೆಂಟ್ ಕಚ್ಚಿಕೊಳ್ಳುತ್ತದೆ. ಆದರೆ ನಮ್ಮ ಟ್ಯಾಂಕಿನಲ್ಲಿ ಕೋರಿ ಅಂತ ತಳದಲ್ಲೇ ಓಡಾಡುವ ಸಣ್ಣ ಮೀಸೆ ಮೀನುಗಳಿವೆ. ಅವು ಮೂತಿಯನ್ನು ಮರಳಿಗೆ ತೂರಿಸಿ ತಿನ್ನುವುದು ಹುಡುಕುತ್ತವೆ, ಚೂಪು ಕಾಳಿಗೆ ಅವುಗಳ ಮೀಸೆ ಸವೆದು ಗಾಯ ಆಗಬಹುದು. ನೀರಲ್ಲಿ ಉರುಳಿ ಉರುಳಿ ನುಣುಪಾದ ಹೊಳೆ ಮರಳು, ಇಲ್ಲವೇ ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಮರಳು ಹಾಕಿ. ಹೊಳೆ ಮರಳಾದರೆ ಎರಡು ಪರೀಕ್ಷೆ ಮಾಡಿ. ಒಂದು ಗಾಜಿನ ಲೋಟಕ್ಕೆ ಅರ್ಧ ಮರಳು, ಮೇಲೆ ನೀರು ಹಾಕಿ ಚೆನ್ನಾಗಿ ಕಲಕಿ ಇಡಿ. ಕೆಳಗೆ ಮರಳು, ಅದರ ಮೇಲೆ ಮಣ್ಣಿನ ಪದರ ಕೂರುತ್ತದೆ. ಸೈಟಿನಲ್ಲಿ ನಾವು ಮಾಡುವ ಪರೀಕ್ಷೆಯೇ ಇದು. ಪದರ ದಪ್ಪಗಿದ್ದರೆ ಇನ್ನೂ ತೊಳೆಯಬೇಕು ಅಂತ. ಎರಡನೆಯದು, ಒಣ ಮರಳಿನ ಮೇಲೆ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ, ಚಿಪ್ಪಿನ ಚೂರು ಇರಬಹುದು. ಅದು ನೀರನ್ನು ಗಡಸು ಮಾಡುತ್ತದೆ, ಬೇಡ. ಟ್ಯಾಂಕಿಗೆ ಹಾಕುವ ಮುಂಚೆ ಹೊಸ ಮರಳನ್ನು ಎಷ್ಟು ಬೇಕಾದರೂ ತೊಳೆಯಿರಿ. ತೊಳೆಯುವ ಕಾಲ ಅದೊಂದೇ.

ಈಗ ಸಾಮಾನು. ಗಾರೆ ಕೆಲಸದವರ ಹತ್ತಿರ ಲೆವೆಲ್ ಪೈಪ್ ಇರುತ್ತದೆ. ನೀರು ತುಂಬಿ ಎರಡು ಮೂಲೆಯ ಮಟ್ಟ ನೋಡುವ ಪಾರದರ್ಶಕ ಪೈಪು. ಅದೇ ಪೈಪು ಹೊಸದು 2 ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕತ್ತರಿಸಿಕೊಂಡು ಬಂದೆ. ಒಳಗೆ ಏನು ಹೋಗುತ್ತಿದೆ ಅಂತ ಕಾಣುವುದರಿಂದ ಇದಕ್ಕಿಂತ ಒಳ್ಳೆಯದು ಇಲ್ಲ. ಅಂಗಡಿಯಲ್ಲಿ ಸಿಗುವ, ಟ್ಯಾಂಕಿನ ಕಸವನ್ನು ನೀರಿನ ಜೊತೆ ಹೊರಗೆ ಎಳೆಯುವ ಸೈಫನ್ ಪೈಪಿಗೆ ಅಗಲ ಬಾಯಿ ಇರುತ್ತದೆ. ನಾನು ಅರ್ಧ ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ, ಅದರ ಕುತ್ತಿಗೆಗೆ ಪೈಪನ್ನು ಬಿಗಿಯಾಗಿ ತೂರಿಸಿಕೊಂಡಿದ್ದೇನೆ. ಬಾಯಿ ಅಗಲ ಇದ್ದಲ್ಲಿ ನೀರಿನ ಎಳೆತ ಮೆತ್ತಗಿರುತ್ತದೆ. ಕಸ ಮೇಲೇರುತ್ತದೆ, ಮರಳಿನ ಕಾಳು ಭಾರಕ್ಕೆ ವಾಪಸ್ ಬೀಳುತ್ತದೆ. ಅಮ್ಮ ಮೊರದಲ್ಲಿ ರಾಗಿ ಕೇರುವಾಗ ಜೊಳ್ಳು ಹಾರಿ ಕಾಳು ಮೊರದಲ್ಲೇ ಉಳಿಯುತ್ತಿತ್ತಲ್ಲ, ಹಾಗೆ.

ಒಂದು ಬಕೆಟ್ ಬೇಕು. ಟ್ಯಾಂಕಿಗೆ ಮಾತ್ರ ಅಂತ ಬೇರೆ ಇಡಿ. ಸೋಪಿನ ಪುಡಿ ಮುಟ್ಟಿದ ಬಕೆಟ್ ಬೇಡ. ನನ್ನಂಥವರು ಇನ್ನೂ ಹುಷಾರಾಗಿರಬೇಕು. ಸಿಮೆಂಟ್ ಕಲಸಿದ ಬಕೆಟ್ ಎಷ್ಟು ತೊಳೆದರೂ ಅಂಚಿನಲ್ಲಿ ಪದರ ಕಟ್ಟಿರುತ್ತದೆ. ಸಿಮೆಂಟು ಸುಣ್ಣದ ಹಾಗೆ ಕ್ಷಾರ, ನೀರಿನ ಪಿಎಚ್ ಏರಿಸಿಬಿಡುತ್ತದೆ. ಶನಿವಾರ ಸಂಜೆಯೇ ನಾನು ಉಗುರಿನ ಸಂದಿಯನ್ನೂ ಬ್ರಷ್ ಹಾಕಿ ಉಜ್ಜಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಮೊಣಕೈವರೆಗೆ ಬರೀ ನೀರಲ್ಲಿ ತೊಳೆದು ಟ್ಯಾಂಕಿಗೆ ಕೈ ಹಾಕುತ್ತೇನೆ. ಸೋಪಿನ ಕೈ, ಬಾಡಿ ಆಯಿಲ್ ಹಚ್ಚಿದ ಕೈ ಹಾಕಬೇಡಿ.

ಮೊದಲು ಹೀಟರ್ ಸ್ವಿಚ್ ಆಫ್ ಮಾಡಿ, 15-20 ನಿಮಿಷ ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ಫಿಲ್ಟರೂ ಆಫ್. ಕೈ ನೀರಲ್ಲಿ ಇರುವಾಗ ಟ್ಯಾಂಕಿನ ಯಾವ ಪ್ಲಗ್ಗಿಗೂ ಕರೆಂಟ್ ಇರಬಾರದು, ಇದರಲ್ಲಿ ರಾಜಿ ಬೇಡ.

ಪೈಪಿನಲ್ಲಿ ನೀರು ಎಳೆಯಲು ಬಾಯಿ ಹಾಕಬೇಡಿ. ಟ್ಯಾಂಕಿನ ನೀರು ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ಪೈಪನ್ನು ಪೂರ್ತಿ ಟ್ಯಾಂಕಿನೊಳಗೆ ನಿಧಾನಕ್ಕೆ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಗುಳುಗುಳು ಅಂತ ಹೋಗಲಿ. ಆಮೇಲೆ ಒಂದು ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ ಹೊರಗೆ ತಂದು ಬಕೆಟ್ಟಿಗೆ ಇಳಿಸಿ, ಬೆರಳು ತೆಗೆಯಿರಿ. ಬಾಟಲಿ ಇರುವ ತುದಿ ನೀರಲ್ಲೇ ಇರಲಿ. ಬಕೆಟ್ ಟ್ಯಾಂಕಿಗಿಂತ ಕೆಳಗೆ ಇರಬೇಕು, ಎಷ್ಟು ಕೆಳಗೋ ಅಷ್ಟು ರಭಸ. ನೆಲದ ಮೇಲಿಟ್ಟರೆ ಮರಳೂ ಎದ್ದುಬರುವಷ್ಟು ಜೋರಾಗುತ್ತದೆ. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲಿಡುತ್ತೇನೆ.

ಇನ್ನು ಮುಖ್ಯ ಕೆಲಸ. ಬಾಟಲಿಯ ತಳ ಕತ್ತರಿಸಿದ ಅಗಲ ಬಾಯನ್ನು ಮರಳಿಗೆ ತಾಗಿಸಬೇಡಿ, ಒಂದು ಬೆರಳಿನಷ್ಟು ಮೇಲೆ ಹಿಡಿಯಿರಿ. ಹಿಕ್ಕೆ, ಫುಡ್ಡಿನ ಚೂರು ಕುಣಿಯುತ್ತಾ ಒಳಗೆ ಏರುತ್ತವೆ. ಏರದೆ ಮರಳಿಗೆ ಅಂಟಿಕೊಂಡಿದ್ದರೆ ಇನ್ನೊಂದು ಕೈಯ ಬೆರಳಿನಿಂದ ಮರಳಿನ ಮೇಲೆ ಸಣ್ಣ ಸುತ್ತು ಹಾಕಿ, ರಂಗೋಲಿ ಪುಡಿ ಒರೆಸುವಷ್ಟು ಮೆಲ್ಲಗೆ. ಕಸ ಹೊಗೆಯ ಹಾಗೆ ಏಳುತ್ತದೆ, ತಕ್ಷಣ ಎಳೆದುಕೊಳ್ಳಿ. ಪೈಪಿನಲ್ಲಿ ಮರಳು ಹೋಗುವುದು ಕಂಡರೆ ಪೈಪನ್ನು ಎರಡು ಬೆರಳಿನಿಂದ ಹಿಸುಕಿ. ಎಳೆತ ನಿಂತು ಮರಳು ಬಾಟಲಿಯೊಳಗೇ ಕೆಳಗೆ ಬೀಳುತ್ತದೆ. ಬಿಡಿ, ಹಿಸುಕಿ, ಬಿಡಿ, ಹಿಸುಕಿ. ನಾಲ್ಕು ವಾರದಲ್ಲಿ ಇದು ಕೈಗೆ ಬಂದುಬಿಡುತ್ತದೆ, ಆಮೇಲೆ ಕಣ್ಣು ಮರಳಿನ ಮೇಲಿದ್ದರೆ ಸಾಕು, ಬೆರಳು ತಾನೇ ಕೆಲಸ ಮಾಡುತ್ತದೆ.

ಎಲ್ಲಾ ಕಡೆ ಒಂದೇ ದಿನ ಮಾಡಬೇಡಿ. ನಾನು ಈ ಭಾನುವಾರ ಎಡಗಡೆ ಅರ್ಧ, ಮುಂದಿನ ಭಾನುವಾರ ಬಲಗಡೆ ಅರ್ಧ ಮಾಡುತ್ತೇನೆ. ಸುಮಾರು 12 ಲೀಟರ್ ಬಕೆಟ್ಟಿಗೆ ಬಂದ ಕೂಡಲೇ ನಿಲ್ಲಿಸುತ್ತೇನೆ. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ನೀರು ಬದಲಾದ ಹಾಗೆ ಆಗುತ್ತದೆ. ಇನ್ನೂ ಒಂಚೂರು ಕಸ ಕಾಣುತ್ತಿದೆ ಅಂತ ಕೈ ತುರಿಸುತ್ತದೆ, ಬಿಡಿ. ಮುಂದಿನ ವಾರ ಇದ್ದೇ ಇದೆ.

ಗಿಡದ ಬುಡಕ್ಕೆ ಹೋಗಬೇಡಿ. ವ್ಯಾಲಿಸ್ನೇರಿಯ, ಕ್ರಿಪ್ಟೊಕೊರೈನ್ ಗಿಡಗಳ ಬೇರು ಮರಳಿನೊಳಗೆ ಹರಡಿರುತ್ತದೆ. ಅಲ್ಲಿ ಇಳಿದ ಹಿಕ್ಕೆ ಅವಕ್ಕೆ ಗೊಬ್ಬರ. ಕ್ರಿಪ್ಟೊಕೊರೈನ್ ಬೇರು ಅಲ್ಲಾಡಿದರೆ ಎಲೆಯೆಲ್ಲ ಕರಗಿಹೋಗುತ್ತದೆ. ಹಾಗಾದರೂ ಕಿತ್ತು ಎಸೆಯಬೇಡಿ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

ಒಳಗಿನ ಪದರದ ವಿಷಯ ಬೇರೆ. ಗಾಜಿನ ಪಕ್ಕದಿಂದ ಬಗ್ಗಿ ನೋಡಿದರೆ ಕೆಲವು ಸಲ ಮರಳಿನ ತಳದಲ್ಲಿ ಕಪ್ಪು ತೇಪೆ ಕಾಣುತ್ತದೆ. ಮರಳು ದಪ್ಪ ಇದ್ದು, ಯಾರೂ ಅಲ್ಲಾಡಿಸದೆ ಬಿಟ್ಟರೆ ಕೆಳಗೆ ಆಮ್ಲಜನಕ ತಲುಪುವುದಿಲ್ಲ. ಅಂಥ ಜಾಗದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯ ಬೆಳೆದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಮಾಡುತ್ತವೆ. ಮೀನಿಗೆ ಅದೂ ವಿಷ. ಇದಕ್ಕೇ ಮರಳು 2 ಇಂಚಿಗಿಂತ ಜಾಸ್ತಿ ಬೇಡ ಅನ್ನುವುದು. ನಾನು ತೆಳ್ಳನೆಯ ಬಿದಿರು ಕಡ್ಡಿ ಒಂದು ಇಟ್ಟುಕೊಂಡಿದ್ದೇನೆ. ಗಿಡ ಇಲ್ಲದ ಕಡೆ, ಆ ವಾರದ ಅರ್ಧದಲ್ಲಿ ಮಾತ್ರ, ಎರಡೆರಡು ಇಂಚಿಗೆ ಒಂದು ಸಲ ತಳದವರೆಗೆ ಇಳಿಸಿ ಮೆತ್ತಗೆ ಅಲ್ಲಾಡಿಸಿ ತೆಗೆಯುತ್ತೇನೆ. ಒಂದೆರಡು ಗುಳ್ಳೆ ಬಂದರೆ ಹೆದರಬೇಡಿ. ತಿಂಗಳುಗಟ್ಟಲೆ ಮುಟ್ಟದ ದಪ್ಪ ಮರಳು ನಿಮ್ಮಲ್ಲಿದ್ದರೆ ಒಂದೇ ದಿನ ಕೆದಕಲೇಬೇಡಿ, ವಾರಕ್ಕೆ ಅಂಗೈಯಗಲ ಮಾತ್ರ ಮಾಡುತ್ತಾ ಹೋಗಿ. ವಾಸನೆ ಬಂತೋ ಅಲ್ಲಿಗೇ ನಿಲ್ಲಿಸಿ, ಗಾಳಿ ಪಂಪ್ ಹಾಕಿ, ಸ್ವಲ್ಪ ನೀರು ಬದಲಾಯಿಸಿ.

ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಈಗ ಕೂಲಿ ಇಲ್ಲದ ಆಳುಗಳಿವೆ. ಗಿಡದ ಜೊತೆ ಟ್ರಂಪೆಟ್ ಬಸವನಹುಳು ಬಂದವು, ಉದ್ದಕ್ಕೆ ಶಂಖದ ಹಾಗೆ ಇರುತ್ತವೆ. ಹಗಲು ಮರಳಿನೊಳಗೆ ಓಡಾಡುತ್ತವೆ, ರಾತ್ರಿ ಮೇಲೆ ಬರುತ್ತವೆ. ಒಂದು ರಾತ್ರಿ ಮಗಳು ಟಾರ್ಚ್ ಬಿಟ್ಟು ನೋಡಿ, "ಅಪ್ಪಾ, ಮರಳು ನಡೀತಾ ಇದೆ ನೋಡು" ಅಂದಳು. ನಿಜಕ್ಕೂ ಹಾಗೇ ಕಾಣುತ್ತದೆ. ಅವು ಓಡಾಡಿದಷ್ಟೂ ಮರಳು ಸಡಿಲವಾಗಿರುತ್ತದೆ. ಮರಿ ತುಂಬಾ ಜಾಸ್ತಿ ಆದರೆ ನಾವು ಫುಡ್ ಜಾಸ್ತಿ ಹಾಕುತ್ತಿದ್ದೇವೆ ಅಂತ ಅರ್ಥ. ಕೋರಿ ಮೀನೂ ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಬಿಡುತ್ತಾ ಮೇಲಿನ ಪದರ ಕದಲಿಸುತ್ತಿರುತ್ತದೆ. ಆದರೆ ಕೋರಿ ಇದ್ದರೆ ಕ್ಲೀನ್ ಮಾಡುವುದೇ ಬೇಡ ಅನ್ನುವ ಮಾತು ಸುಳ್ಳು. ಅದು ಹಿಕ್ಕೆ ತಿನ್ನುವುದಿಲ್ಲ, ತಾನೂ ಹಾಕುತ್ತದೆ. ಅದಕ್ಕೂ ಬೇರೆ ಫುಡ್ ಹಾಕಬೇಕು.

ಬಸವನಹುಳು, ಗಿಡ, ಮೀನು ಯಾವುದು ಜಾಸ್ತಿಯಾದರೂ ಕೆರೆಗೋ ಹೊಳೆಗೋ ಬಿಡಬೇಡಿ. ಹೊರಗಿನಿಂದ ಬಂದ ಜೀವ ಅಲ್ಲಿ ಹೆಚ್ಚಿಕೊಂಡರೆ ನಮ್ಮ ಕೆರೆಯ ಮೀನಿಗೆ ಜಾಗ ಇರಲ್ಲ.

ಹೊಸ ನೀರು ಹಾಕುವುದು. ನಮ್ಮ ನಲ್ಲಿಗೆ ಬರುವುದು ಗೊರೂರಿನ ಹೇಮಾವತಿ ನೀರು, ಕ್ಲೋರಿನ್ ಹಾಕಿರುತ್ತಾರೆ. ಶನಿವಾರವೇ ಅಗಲ ಬಾಯಿಯ ಡ್ರಮ್ಮಿಗೆ ಹಿಡಿದು ಮುಚ್ಚಳ ಹಾಕದೆ 24 ಗಂಟೆ ಬಿಡುತ್ತೇನೆ. ಅವಸರ ಇದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಸಿಗುತ್ತದೆ, ಬಾಟಲಿ ಮೇಲಿನ ಅಳತೆಯಷ್ಟೇ ಹಾಕಿ. ಮಳೆಗಾಲದಲ್ಲಿ ನೀರು ಕೆಂಪಗೆ ಬಂದರೆ ಎರಡು ದಿನ ತಿಳಿಯಾಗಲು ಬಿಟ್ಟು ಮೇಲಿನ ನೀರು ಮಾತ್ರ ತೆಗೆದುಕೊಳ್ಳಿ. ಹಾಸನವನ್ನು ಬಡವರ ಊಟಿ ಅಂತ ಸುಮ್ನೆ ಕರೆಯಲ್ಲ. ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಬೆಳಗಿನ ಚಳಿ ಶುರುವಾಗಿರುತ್ತದೆ, ಡ್ರಮ್ಮಿನ ನೀರು ಕೈ ಕೊರೆಯುತ್ತದೆ. ಅದನ್ನು ಹಾಗೇ ಸುರಿದರೆ ಮೀನಿಗೆ ಪೆಟ್ಟು. ಆಗ ಒಂದು ಪಾತ್ರೆ ನೀರು ಕಾಯಿಸಿ ಬೆರೆಸಿ, ಒಂದು ಕೈ ಟ್ಯಾಂಕಿನಲ್ಲಿ, ಒಂದು ಕೈ ಬಕೆಟ್ಟಿನಲ್ಲಿ ಇಟ್ಟು ಎರಡೂ ಒಂದೇ ಅನ್ನಿಸಿದ ಮೇಲೆ ಹಾಕುತ್ತೇನೆ.

ನೀರನ್ನು ನೇರ ಸುರಿದರೆ ಮರಳಿನಲ್ಲಿ ಗುಂಡಿ ಬೀಳುತ್ತದೆ. ಮರಳಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು ಅದರ ಮೇಲೆ ಚೊಂಬಿನಿಂದ ಸುರಿಯಿರಿ. ಹೀಟರ್ ಪೂರ್ತಿ ಮುಳುಗಿದ ಮೇಲೆ ಆನ್ ಮಾಡಿ. ಫಿಲ್ಟರಿಗೆ ಇನ್ನೂ 15-20 ನಿಮಿಷ ಬಿಡಿ. ತೇಲುತ್ತಿರುವ ಮರಳಿನ ಕಾಳು ಮೋಟರಿನ ಒಳಗೆ ಹೋದರೆ ಚಕ್ರ ಸವೆದು ಕರಕರ ಸದ್ದು ಶುರುವಾಗುತ್ತದೆ.

ಸ್ಪಂಜನ್ನು ಮರಳು ಮಾಡಿದ ದಿನ ಮುಟ್ಟಬೇಡಿ. ನಾನು ನಡುವೆ ಒಂದು ಬುಧವಾರ, ಟ್ಯಾಂಕಿನಿಂದಲೇ ತೆಗೆದ ಒಂದು ಚೊಂಬು ನೀರಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕುತ್ತೇನೆ. ಕಂದು ಬಣ್ಣ ಉಳಿಯಲಿ.

ಕರೆಂಟ್ ಇಲ್ಲದಾಗ ಮರಳು ಕೆದಕಲೇಬೇಡಿ. ಆಷಾಢದ ಗಾಳಿ ಮಳೆಗೆ ನಮ್ಮ ಕಡೆ ಗಂಟೆಗಟ್ಟಲೆ ಹೋಗುತ್ತದೆ. ಫಿಲ್ಟರ್ ನಿಂತಾಗ ನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಎದ್ದ ಕಸ ಅದನ್ನೂ ತಿಂದುಹಾಕುತ್ತದೆ. ಆ ವಾರ ಬಿಟ್ಟುಬಿಡಿ, ಫುಡ್ ಕಡಿಮೆ ಮಾಡಿ.

ಫುಡ್ಡಿನ ಮಾತು ಬಂತು. ಮರಳು ಗಲೀಜಾಗಲು ನೂರಕ್ಕೆ ತೊಂಬತ್ತು ಪಾಲು ನಮ್ಮ ಕೈಯೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕುತ್ತಾರೆ. ಮೀನು 2 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ನಾವು ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದೇವೆ, ಬೀಗ ಮಾತ್ರ ಹಾಕಿಲ್ಲ.

ಹೊಸ ಟ್ಯಾಂಕಿನ ಮರಳಿನ ಮೇಲೆ ಕಂದು ಪುಡಿ ಕೂತರೆ ಅದು ಒಂದು ಬಗೆಯ ಪಾಚಿ, ಎಳೆದು ತೆಗೆಯುತ್ತಾ ಇದ್ದರೆ ಕೆಲವು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ನೀಲಿ ಹಸಿರು ಬಣ್ಣದ ಪದರ ಬಟ್ಟೆಯ ಹಾಗೆ ಸುಲಿದು ಬಂದರೆ ಅದು ಬ್ಯಾಕ್ಟೀರಿಯ. ಅದನ್ನು ಕಲಕಿ ಹರಡಬೇಡಿ, ಪೈಪಿನಲ್ಲೇ ಹಾಳೆ ಹಾಳೆಯಾಗಿ ಎಳೆದು, ಮೂರು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಮುಚ್ಚಿ ಬೆಳಕು ತಪ್ಪಿಸಿ. ಗಾಳಿ ಪಂಪ್ ಓಡುತ್ತಿರಲಿ.

ಕೊನೆಗೆ ಬಕೆಟ್. ತಳದಲ್ಲಿ ಸ್ವಲ್ಪ ಮರಳು ಕೂತಿರುತ್ತದೆ. ಮೇಲಿನ ನೀರನ್ನು ಗುಲಾಬಿಗೂ ಬಸಳೆಗೂ ಹಾಕುತ್ತೇವೆ, ಟ್ಯಾಂಕಿಗೆ ಔಷಧಿಯೋ ಉಪ್ಪೋ ಹಾಕಿದ ವಾರ ಮಾತ್ರ ಇಲ್ಲ. ನಮ್ಮ ಬಸಳೆ ಚಪ್ಪರ ನೋಡಿದವರು ಗೊಬ್ಬರ ಯಾವುದು ಅಂತ ಕೇಳುತ್ತಾರೆ. ಉಳಿದ ಮರಳನ್ನು ಡ್ರಮ್ಮಿನ ಕ್ಲೋರಿನ್ ಹೋದ ನೀರಲ್ಲಿ ಒಂದು ಸಲ ಆಡಿಸಿ ಟ್ಯಾಂಕಿಗೆ ವಾಪಸ್ ಹಾಕುತ್ತೇನೆ. ಸಿಂಕಿಗೋ ಬಚ್ಚಲಿಗೋ ಸುರಿಯಬೇಡಿ, ಪೈಪಿನ ಬೆಂಡಿನಲ್ಲಿ ಮರಳು ಗಟ್ಟಿಯಾಗಿ ಕೂತರೆ ತೆಗೆಸಲು ನಮ್ಮಂಥವರನ್ನೇ ಕರೆಯಬೇಕಾಗುತ್ತದೆ.

ಪೈಪನ್ನು ಕೊಡವಿ, ಎರಡೂ ತುದಿ ಕೆಳಗಾಗುವ ಹಾಗೆ ಮೊಳೆಗೆ ನೇತು ಹಾಕಿ, ಒಳಗೆ ನೀರು ನಿಂತರೆ ಪಾಚಿ ಕಟ್ಟುತ್ತದೆ. ನಮ್ಮಲ್ಲಿ ಪಕ್ಕದ ಮೊಳೆಯಲ್ಲಿ ಕೆಲಸದ ಲೆವೆಲ್ ಪೈಪೂ ಇರುತ್ತದೆ. ನೋಡಲು ಎರಡೂ ಒಂದೇ ಥರ. ಸೋಮವಾರ ಹುಡುಗರು ಅವಸರದಲ್ಲಿ ಬಂದು ಇದನ್ನು ಸೈಟಿಗೆ ಒಯ್ಯಬಾರದು ಅಂತ ಮಗಳು ಟ್ಯಾಂಕಿನ ಪೈಪಿಗೆ ತನ್ನ ಕೆಂಪು ರಿಬ್ಬನ್ ಕಟ್ಟಿದ್ದಾಳೆ.